ಯುದ್ಧದಲ್ಲಿ ತೀರಿಕೊಂಡ ಅಣ್ಣತಮ್ಮಂದಿರನ್ನು ಹುಡುಕುವುದು ಹೇಗೆ?

ನಮ್ಮಜ್ಜಿಗೆ ಇಬ್ಬರು ಅಣ್ಣಂದಿರು. ಹಲಸೂರಿನ ಹುಡುಗರು. ಎರಡನೇ ಮಹಾಯುದ್ಧದಲ್ಲಿ ಇಬ್ಬರೂ ಸೈನ್ಯದ ಇಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್ ಸೇರಿ ಬರ್ಮಾಕ್ಕೆ ಹೋದರು, ವಾಪಸ್ ಬರಲಿಲ್ಲ. ಮನೆಯಲ್ಲಿ ಉಳಿದಿದ್ದು ಒಂದು ಫೋಟೋ, ಅಜ್ಜಿಯ ಟ್ರಂಕಿನಲ್ಲಿ ಹಳೇ ಸೀರೆ ತುಂಡಿನಲ್ಲಿ ಸುತ್ತಿಟ್ಟ ಪದಕಗಳು. ಅಷ್ಟನ್ನೇ ಹಿಡಿದು ಹುಡುಕಿದೆ. ನಿಮ್ಮ ಮನೆಯಲ್ಲೂ ಇಂಥ ಇಬ್ಬರು ಇದ್ದರೆ ಹೀಗೆ ಮಾಡಿ.

ಮೊದಲು ಪದಕ. ದಯವಿಟ್ಟು ಹುಣಸೆಹಣ್ಣು ಹಾಕಿ ತಿಕ್ಕಬೇಡಿ. ಎರಡನೇ ಮಹಾಯುದ್ಧದಲ್ಲಿ ನಮ್ಮ ಸೈನಿಕರಿಗೆ ಕೊಟ್ಟ ಪದಕಗಳ ಮೇಲೆ ಸಾಮಾನ್ಯವಾಗಿ ಸೈನಿಕನ ನಂಬರು, ಹೆಸರು, ಪಡೆ ಎಲ್ಲಾ ಇರುತ್ತದೆ. ದುಂಡು ಪದಕವಾದರೆ ಅಂಚಿನಲ್ಲಿ, ನಕ್ಷತ್ರದ್ದಾದರೆ ಹಿಂಬದಿಯಲ್ಲಿ. ಅಕ್ಷರ ತುಂಬಾ ಸಣ್ಣ. ಬಿಸಿಲಿಗೆ ಓರೆಯಾಗಿ ಹಿಡಿದು, ಮೊಬೈಲಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ ಓದಿದೆ. ಇಬ್ಬರ ನಂಬರಿಗೂ ಒಂದೇ ಒಂದು ವ್ಯತ್ಯಾಸ. ಸೈನ್ಯ ಸೇರುವಾಗ ಒಬ್ಬರ ಹಿಂದೆ ಒಬ್ಬರು ಸಾಲಿನಲ್ಲಿ ನಿಂತಿರಬೇಕು ಅಲ್ವಾ? ಸ್ವಲ್ಪ ಹೊತ್ತು ಬಾಲ್ಕನಿಯಲ್ಲೇ ಸುಮ್ನೆ ಕೂತೆ. ಮದ್ರಾಸ್ ಸ್ಯಾಪರ್ಸ್‌ನವರನ್ನು ಸೈನ್ಯದಲ್ಲಿ ಪ್ರೀತಿಯಿಂದ ‘ತಂಬಿ’ ಅನ್ನುತ್ತಾರೆ, ತಮಿಳಿನಲ್ಲಿ ತಮ್ಮ ಅಂತ.

ಆಮೇಲೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟ್. ಯುದ್ಧದಲ್ಲಿ ತೀರಿಕೊಂಡ ಕಾಮನ್‌ವೆಲ್ತ್ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳೋ ಸಂಸ್ಥೆ ಇದು. ಎರಡೂ ಮಹಾಯುದ್ಧಗಳ ಸುಮಾರು 17 ಲಕ್ಷ ಹೆಸರುಗಳಿವೆ. ದುಡ್ಡು ಕೊಡಬೇಕಿಲ್ಲ. ನಂಬರಿದ್ದರೆ ನಂಬರನ್ನೇ ಹಾಕಿ. ಇಲ್ಲದಿದ್ದರೆ ಸ್ಪೆಲ್ಲಿಂಗ್ ಕಾಟ. ಮುನಿಸ್ವಾಮಿ ಅನ್ನೋದನ್ನು ಒಬ್ಬ ಗುಮಾಸ್ತ ಡಬ್ಲ್ಯೂ ಹಾಕಿ, ಇನ್ನೊಬ್ಬ ವಿ ಹಾಕಿ, ಮತ್ತೊಬ್ಬ ಎರಡೂ ಬಿಟ್ಟು ಮುನಿಸಾಮಿ ಅಂತ ಬರೆದಿರುತ್ತಾನೆ. ಎಲ್ಲಾ ಥರಾನೂ ಹಾಕಿ ನೋಡಿ.

ಅಣ್ಣತಮ್ಮಂದಿರನ್ನು ಬೇರೆಬೇರೆಯಾಗಿ ಹುಡುಕಬೇಡಿ, ಅಪ್ಪನ ಹೆಸರಿನಿಂದ ಹುಡುಕಿ. ‘ಹೆಚ್ಚುವರಿ ಮಾಹಿತಿ’ ಅನ್ನೋ ಖಾನೆಯಲ್ಲಿ ಎಷ್ಟೋ ಸಲ ತಂದೆಯ ಹೆಸರು, ಊರು ಇರುತ್ತದೆ. ಅಲ್ಲಿ ಮುತ್ತಾತನ ಹೆಸರು ಹಾಕಿ, ಊರನ್ನು ಹಳೇ ‘ಬ್ಯಾಂಗಲೋರ್’ ಸ್ಪೆಲ್ಲಿಂಗಿನಲ್ಲೇ ಹಾಕಿದೆ. ಇಬ್ಬರೂ ಒಟ್ಟಿಗೇ ಬಂದರು, ಒಂದರ ಕೆಳಗೊಂದು. ತೀರಿಕೊಂಡ ತಾರೀಖೂ ಒಂದೇ. ಕೆಲವರ ದಾಖಲೆಯಲ್ಲಿ ಸಹೋದರನೂ ಸೇವೆಯಲ್ಲಿದ್ದಾಗ ತೀರಿಕೊಂಡ ಅಂತ ಬರೆದಿರುತ್ತಾರೆ. ನಮ್ಮವರದರಲ್ಲಿ ಆ ಸಾಲು ಇರಲಿಲ್ಲ.

ಯುದ್ಧ ಮುಗಿದ ಮೇಲೆ ಆಸ್ಪತ್ರೆಯಲ್ಲಿ ತೀರಿಕೊಂಡವರು ಅಂತ ಬಿಟ್ಟುಬಿಡಬೇಡಿ. ಮೊದಲ ಯುದ್ಧಕ್ಕೆ 1921ರ ಆಗಸ್ಟ್ 31, ಎರಡನೆಯದಕ್ಕೆ 1947ರ ಡಿಸೆಂಬರ್ 31ರವರೆಗೂ ಲೆಕ್ಕಕ್ಕೆ ತಗೊಂಡಿದ್ದಾರೆ.

ಬರ್ಮಾದಲ್ಲಿ ಸಮಾಧಿ ಸಿಗದ ಸುಮಾರು 27,000 ಜನರ ಹೆಸರು ರಂಗೂನ್ ಸ್ಮಾರಕದ ಕಂಬಗಳ ಮೇಲಿದೆ. ಮೈಸೂರು ಸಂಸ್ಥಾನದ ಕಾಲಾಳು ಪಡೆಯಾದ ಮೈಸೂರು ಇನ್‌ಫೆಂಟ್ರಿಯವರಾಗಿದ್ದರೆ ಸಿಂಗಪುರದ ಕ್ರಾಂಜಿ ಸ್ಮಾರಕವನ್ನೂ ನೋಡಿ, 1942ರಲ್ಲಿ ಅವರು ಅಲ್ಲಿದ್ದರು. ಸ್ಮಾರಕದ ಯಾವ ಬದಿಯಲ್ಲಿ (ಫೇಸ್) ಹೆಸರಿದೆ ಅನ್ನೋ ನಂಬರು ಬರೆದಿಟ್ಟುಕೊಳ್ಳಿ, ಅದಿಲ್ಲದೆ ಅಲ್ಲಿ ಹೋಗಿ ಹುಡುಕೋದು ಕಷ್ಟ.

ವೆಬ್‌ಸೈಟಿನಲ್ಲಿ ಅವರ ಹೆಸರಿನ ಪುಟದಲ್ಲೇ ಸ್ಮರಣೆಯ ಪ್ರಮಾಣಪತ್ರವೂ ಸಿಗುತ್ತದೆ. ಎರಡನ್ನೂ ಪ್ರಿಂಟ್ ತೆಗೆಸಿ, ಹಳೇ ಫೋಟೋದ ಎರಡು ಪಕ್ಕ ಇಟ್ಟು, ಒಂದೇ ಕಟ್ಟು ಹಾಕಿಸಿದ್ದೇನೆ. ದೊಡ್ಡವರದು ಎಡಕ್ಕೆ, ಫೋಟೋದಲ್ಲಿ ಅವರು ನಿಂತಿರೋ ಹಾಗೇ.