ಟ್ರೊಪೋನಿನ್ ರಿಪೋರ್ಟ್ ಕೈಗೆ ಬಂದ್ರೆ ಏನೇನು ನೋಡ್ಬೇಕು?

ಮಂಡ್ಯ ಹತ್ರ ಆಲೆಮನೇಲಿ ನಮ್ ಸೋದರಮಾವ ಕೊಪ್ಪರಿಗೆ ಪಕ್ಕದಲ್ಲೇ ಕುಸಿದು ಬಿದ್ರು, ಉಸಿರಿಲ್ಲ ನಾಡಿ ಇಲ್ಲ, ಅಲ್ಲಿದ್ದ ಹುಡುಗರು ಎದೆ ಒತ್ತಿದ್ರು, 108 ಬಂತು, ಶಾಕ್ ಕೊಟ್ಮೇಲೆ ಹೃದಯ ಮತ್ತೆ ಬಡ್ಕೊಳ್ತು. ಸಂಜೆ ಲ್ಯಾಬ್ ಚೀಟಿ ಬಂತು. ಟ್ರೊಪೋನಿನ್ ಐ ಮುಂದೆ ದೊಡ್ಡ ನಂಬರು, ಪಕ್ಕದಲ್ಲಿ ದಪ್ಪಕ್ಕೆ 'ಹೈ'. ಅತ್ತೆ ಅಲ್ಲೇ ಕೂತ್ಬಿಟ್ರು.

ಅಂಥ ಚೀಟಿ ಬಂದ್ರೆ ಮೊದ್ಲು ಟೈಮ್ ನೋಡಿ. ಬಿದ್ದಿದ್ದು ಎಷ್ಟೊತ್ತಿಗೆ, ರಕ್ತ ತಗೊಂಡಿದ್ದು ಎಷ್ಟೊತ್ತಿಗೆ, ಎರಡನ್ನೂ ಚೀಟಿ ಮೇಲೇ ಬರ್ಕೊಳ್ಳಿ. ಟ್ರೊಪೋನಿನ್ ಹೃದಯದ ಸ್ನಾಯು ಒಳಗಿರೋ ಪ್ರೋಟೀನು, ಸ್ನಾಯುಗೆ ಪೆಟ್ಟು ಬಿದ್ರೆ ರಕ್ತಕ್ಕೆ ಸೋರುತ್ತೆ, ಆದ್ರೆ ಅದು ಏರೋಕೆ ಗಂಟೆಗಳು ಹಿಡಿಯುತ್ತೆ, ಹಾಗಾಗಿ ಬಿದ್ದ ಅರ್ಧ ಗಂಟೆಗೇ ತೆಗೆದ ರಕ್ತ ನಾರ್ಮಲ್ ಅಂತ ಬಂದ್ರೆ ಸಮಾಧಾನ ಪಟ್ಕೊಳ್ಳೋ ಹಾಗಿಲ್ಲ.

ಆಮೇಲೆ ಯೂನಿಟ್ಟು. ಒಂದು ಲ್ಯಾಬು ಮಿಲಿಲೀಟರ್‌ಗೆ 0.5 ನ್ಯಾನೋಗ್ರಾಂ ಅಂತ ಬರೆದಿರುತ್ತೆ, ಇನ್ನೊಂದು ಲೀಟರ್‌ಗೆ 500 ನ್ಯಾನೋಗ್ರಾಂ ಅಂತ. ಎರಡೂ ಒಂದೇ ಕಣ್ರೀ! ಟ್ರೊಪೋನಿನ್ ಐ, ಟ್ರೊಪೋನಿನ್ ಟಿ ಮಾತ್ರ ಬೇರೆ ಬೇರೆ, ಒಂದರ ನಂಬರನ್ನ ಇನ್ನೊಂದರ ಜೊತೆ ತೂಗ್ಬೇಡಿ.

ಎರಡನೇ ಸಲ ರಕ್ತ ತಗೊಂಡಾಗ 'ಮತ್ಯಾಕೆ ಬಿಲ್ಲು' ಅಂತ ಜಗಳ ತೆಗೀಬೇಡಿ, ಅದೇ ಮುಖ್ಯ. ನಂಬರು ಏರ್ತಿದ್ಯಾ ಇಳೀತಿದ್ಯಾ ಅಂತ ಗೊತ್ತಾಗೋದು ಅದ್ರಿಂದ್ಲೇ. ಕಿಡ್ನಿ ತೊಂದರೆ ಇರೋರಿಗೆ ಮೊದ್ಲಿಂದ್ಲೇ ಸ್ವಲ್ಪ ಜಾಸ್ತಿ ಇರಬಹುದು, ಕಿಡ್ನಿ ಹೇಗಿದೆ ಅಂತ ತೋರಿಸೋ ಕ್ರಿಯಾಟಿನಿನ್ ಎಷ್ಟಿದೆ ಅಂತ್ಲೂ ಕಣ್ಣಾಡಿಸಿ.

ನಾವು ಎಡವಿದ್ದು ಇಲ್ಲಿ. ನಂಬರು ಜಾಸ್ತಿ ಅಂದ್ರೆ ರಕ್ತನಾಳ ಬ್ಲಾಕ್ ಆಗಿದೆ ಅಂತ್ಲೇ ಅಂದ್ಕೊಂಡ್ವಿ. ಹೃದಯ ನಿಂತು ಹೋದಾಗ ಅದರ ಸ್ನಾಯುಗೇ ರಕ್ತ ಇರಲ್ಲ, ಮೇಲಿಂದ ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್ ಆಳಕ್ಕೆ ಎದೆ ಒತ್ತಿರ್ತಾರೆ, ಶಾಕ್ ಬೇರೆ, ಅಡ್ರಿನಲಿನ್ ಇಂಜೆಕ್ಷನ್ ಬೇರೆ, ಇಷ್ಟೆಲ್ಲಾ ಆದ್ಮೇಲೆ ಬ್ಲಾಕ್ ಇಲ್ದಿದ್ರೂ ಟ್ರೊಪೋನಿನ್ ಏರುತ್ತೆ. ಬ್ಲಾಕ್ ಇದ್ಯಾ ಅನ್ನೋದಕ್ಕೆ ಇಸಿಜಿ, ಎಕೋ, ಬೇಕಾದ್ರೆ ಆಂಜಿಯೋಗ್ರಾಂ. ಡಾಕ್ಟ್ರನ್ನ ಕೇಳೋದಾದ್ರೆ 'ಇಸಿಜಿ ಏನು ಹೇಳ್ತಿದೆ ಸಾರ್' ಅಂತ ಕೇಳಿ.

ಎಚ್ಚರ ಆಗ್ತಾರಾ ಅನ್ನೋ ಪ್ರಶ್ನೆಗಂತೂ ಈ ಚೀಟೀಲಿ ಉತ್ತರ ಇಲ್ಲ. ಪ್ರಜ್ಞೆ ಬರದೇ ಇದ್ರೆ ಮಿದುಳಿಗೆ ಎಷ್ಟು ಪೆಟ್ಟಾಗಿದೆ ಅಂತ ನೋಡೋಕೆ ಎನ್‌ಎಸ್‌ಇ ಅಂತ ಬೇರೆ ರಕ್ತದ ಟೆಸ್ಟಿದೆ, 48ರಿಂದ 72 ಗಂಟೆ ಹೊತ್ತಿಗೆ ಮಾಡ್ತಾರೆ, ಸ್ಯಾಂಪಲ್‌ನಲ್ಲಿ ಕೆಂಪು ರಕ್ತಕಣ ಒಡೆದಿದ್ರೆ ಅದೂ ಸುಮ್ಮನೆ ಜಾಸ್ತಿ ತೋರಿಸುತ್ತೆ. ನಮಗೆ ಅದು ಬೇಕಾಗ್ಲಿಲ್ಲ. ಎರಡನೇ ದಿನ ಉಸಿರಾಟದ ಟ್ಯೂಬ್ ತೆಗೆದ ಮೇಲೆ ಮಾವ ಗೊಗ್ಗರು ದನೀಲಿ 'ಪಾಕ ಸೀದೋಯ್ತೇನ್ಲಾ' ಅಂದ್ರು.