ನಮ್ಮ ಕುಳಾಗರ, ಎರಡು ಬಾಟಲಿ, ಒಂದು ನೀಲಿ ಡ್ರಮ್ಮು

ಗೋವಾದಲ್ಲಿ ಜಮೀನನ್ನು ಎಕರೆ ಗುಂಟೆಯಲ್ಲಿ ಹೇಳುವುದಿಲ್ಲ, ಚದರ ಮೀಟರಿನಲ್ಲಿ ಹೇಳುತ್ತಾರೆ. 2009ರಲ್ಲಿ ಸತ್ತರಿ ತಾಲೂಕಿನ ಈ ತೋಟ ನೋಡಲು ಬಂದಾಗ ಮಾಲೀಕರು ‘ಹದಿನೆಂಟು ಸಾವಿರ’ ಅಂದದ್ದನ್ನು ನಮ್ಮ ಮಾವ ರೇಟು ಅಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದರು. ಲೆಕ್ಕ ಹಾಕಿದರೆ ನಾಲ್ಕೂವರೆ ಎಕರೆಯ ಹತ್ತಿರ. ಅಡಿಕೆ, ತೆಂಗು, ಬಾಳೆ, ಮರಕ್ಕೆ ಹಬ್ಬಿದ ಕಾಳುಮೆಣಸು, ಅಂಚಿನಲ್ಲಿ ಮುರುಗಲು. ಮೇಲಿನ ಝರಿಯಿಂದ ನೀರು ತರುವ ಸಣ್ಣ ಕಾಲುವೆಗೆ ಇಲ್ಲಿ ಪಾಟ್ ಅಂತಾರೆ, ಇಡೀ ತೋಟಕ್ಕೆ ಕುಳಾಗರ. ಶಿರಸಿ ಕಡೆಯವರಾದ ನಮಗೆ ಅದೂ ಅಡಿಕೆ ತೋಟವೇ. ಹಾಗಾಗಿ ಎಲ್ಲ ಗೊತ್ತು ಎಂಬ ಧಿಮಾಕಿನಲ್ಲೇ ಶುರು ಮಾಡಿದೆವು.

ಮೊದಲ ಬೇಸಿಗೆ ತೋಟ ಚೊಕ್ಕ ಮಾಡಿಸಿದೆ. ಕಳೆ ಕೊಚ್ಚಿ, ತರಗೆಲೆ ಒಟ್ಟಿ ಸುಟ್ಟು, ಗುಡಿಸಿದ ಅಂಗಳದ ಹಾಗಾಯಿತು. ಕೆಲಸಕ್ಕೆ ಬಂದಿದ್ದ ಖಾನಾಪುರದ ಹೆಂಗಸು ‘ಅಕ್ಕಾರ, ಎಲಿ ಸುಡಬ್ಯಾಡ್ರಿ’ ಅಂದಳು. ಕೇಳಿಸಿದರೂ ಕೇಳಿಸದವಳ ಹಾಗೆ ಇದ್ದೆ. ಇಲ್ಲಿನ ಮಳೆ ವರ್ಷಕ್ಕೆ 3000 ಮಿಲಿಮೀಟರ್ ಮೀರುತ್ತದೆ. ಜೂನಿನಲ್ಲಿ ನಾಲ್ಕು ದಿನ ಬಿಡದೆ ಹೊಯ್ದದ್ದೇ, ನಮ್ಮ ಹಳ್ಳ ಕುಂಕುಮ ಕದಡಿದಂತೆ ಕೆಂಪಾಯಿತು. ಮಾವ ಕೊಡೆ ಹಿಡಿದು ದಂಡೆಯಲ್ಲಿ ನಿಂತು ನೋಡಿದರು. ‘ಅದು ನೀರಲ್ಲ ತಂಗಿ, ನಮ್ಮ ತೋಟನೇ ಹರ್ಕಂಡು ಹೋಗ್ತಾ ಇದ್ದು’ ಅಂದರು. ಬೈದಿದ್ದರೆ ಮರೆಯುತ್ತಿದ್ದೆನೇನೋ.

ಅಂದಿನಿಂದ ತೋಟದಲ್ಲಿ ಬೆಂಕಿ ಇಲ್ಲ. ಸೋಗೆ, ಹಾಳೆ, ಬಾಳೆ ದಿಂಡು ಎಲ್ಲ ಬಿದ್ದಲ್ಲೇ ಕೊಚ್ಚಿ ಬುಡಕ್ಕೆ ಮುಚ್ಚಿಗೆ. ಹಳ್ಳದ ಅಂಚಿನಲ್ಲಿ ಹತ್ತು ಹೆಜ್ಜೆ ಜಾಗಕ್ಕೆ ಕತ್ತಿ ಹಾಕುವುದಿಲ್ಲ, ಅಲ್ಲಿ ಕೇದಗೆ, ಬಿದಿರು ತಾವೇ ಎದ್ದಿವೆ. ಜೀವಾಮೃತ ಎಂಬ ದ್ರವ ಗೊಬ್ಬರವನ್ನೂ ಮಾಡಿದೆವು: 200 ಲೀಟರ್ ನೀರಿಗೆ 10 ಕಿಲೋ ಸಗಣಿ, ಗಂಜಳ, ಬೆಲ್ಲ, ದ್ವಿದಳ ಹಿಟ್ಟು, ಹಿಡಿ ಮಣ್ಣು. ಅದರಿಂದ ಎಷ್ಟು ಫಲ, ಮುಚ್ಚಿಗೆಯಿಂದ ಎಷ್ಟು ಎಂದು ಕೇಳಿದರೆ ನನ್ನ ಮತ ಮುಚ್ಚಿಗೆಗೇ. ಸಾವಯವ ಪ್ರಮಾಣಪತ್ರಕ್ಕೆ ಪಿಜಿಎಸ್ ದಾರಿ ಹಿಡಿದೆವು, ಅಂದರೆ ರೈತರೇ ಒಬ್ಬರಿಗೊಬ್ಬರು ಖಾತರಿ ಕೊಡುವ ಪದ್ಧತಿ. ಕನಿಷ್ಠ ಐದು ರೈತರ ಗುಂಪು, ಒಬ್ಬರ ತೋಟವನ್ನು ಇನ್ನೊಬ್ಬರು ನೋಡುವುದು. ಅಡಿಕೆಯಂಥ ಬೆಳೆಗೆ ಮೂರು ವರ್ಷ ಕಾಯಬೇಕು. ಕಾಗದಪತ್ರದ ಕಷ್ಟ ಬರೆಯುತ್ತ ಕೂತರೆ ಇನ್ನೊಂದು ಲೇಖನವಾದೀತು, ಬಿಡಿ.

ಕಳೆದ ವರ್ಷ ಪರಿಸರ ಕಾಳಜಿ ಮತ್ತು ಜನಶಿಕ್ಷಣಕ್ಕೆಂದು ಒಂದು ಸಂಸ್ಥೆಯವರು ನಮಗೊಂದು ಫಲಕ ಕೊಟ್ಟರು. ಶಿಕ್ಷಣದ ಯೋಚನೆ ನಮಗೆಲ್ಲಿತ್ತು! ಪರಿಚಯದ ಮೇಷ್ಟ್ರೊಬ್ಬರು ವಾಸ್ಕೋ ಕಡೆಯ ಕನ್ನಡ ಶಾಲೆಯಿಂದ ಮೂವತ್ತು ಮಕ್ಕಳನ್ನು ಕರೆತಂದರು, ಅಷ್ಟೇ. ಗದಗ, ಬಾಗಲಕೋಟೆಯಿಂದ ದುಡಿಯಲು ಬಂದವರ ಮಕ್ಕಳು. ನಾನು ‘ಸಾವಯವ ಎಂದರೇನು’ ಅಂತ ಭಾಷಣ ಶುರು ಮಾಡಿದೆ. ಐದು ನಿಮಿಷಕ್ಕೆ ಅರ್ಧ ಜನ ಪಾಟ್‌ನಲ್ಲಿ ಏಡಿ ಹಿಡಿಯುತ್ತಿದ್ದರು.

ಮುಂದಿನ ಸಲ ಭಾಷಣ ಬಿಟ್ಟು ಎರಡು ಹಾರ್ಲಿಕ್ಸ್ ಬಾಟಲಿ ಇಟ್ಟೆ. ಎರಡರ ಬಾಯಲ್ಲೂ ಸೊಳ್ಳೆ ಜಾಲರಿಯ ಚೂರು ಜೋತುಬಿಟ್ಟು, ಮೇಲೆ ಮುಳುಗುವಷ್ಟು ನೀರು. ಒಂದರ ಜಾಲರಿಗೆ ಮರದ ಬುಡದ, ನೆರಳಲ್ಲಿ ಒಣಗಿಸಿದ ಮಣ್ಣಿನ ಹೆಂಟೆ. ಇನ್ನೊಂದಕ್ಕೆ ವಾಹನ ತಿರುಗಿಸುವ ಬೋಳು ಜಾಗದ್ದು, ಅದೇ ನಿಂಬೆಹಣ್ಣಿನ ಗಾತ್ರ. ಬೋಳು ಹೆಂಟೆ ನಿಮಿಷದೊಳಗೆ ಉಸ್ಸೆಂದು ಗುಳ್ಳೆ ಬಿಟ್ಟು ಕುಸಿದು ನೀರನ್ನು ಕೆಂಪು ಮಾಡಿತು. ಬುಡದ ಹೆಂಟೆ ಚಿಕ್ಕ ಬೇರುಗಳನ್ನು ಹಿಡಿದುಕೊಂಡು ಹಾಗೇ ಕೂತಿತ್ತು. ಮಕ್ಕಳು ಊಟಕ್ಕೂ ಏಳಲಿಲ್ಲ, ಕಂಡ ಕಂಡಲ್ಲಿಂದ ಹೆಂಟೆ ತಂದು ಹಾಕಿದರು.

ಕರಗಿದ ಮಣ್ಣು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದರು. ಹಳ್ಳಕ್ಕೆ, ಹಳ್ಳದಿಂದ ಮಹಾದಾಯಿ ನದಿಗೆ ಅಂದೆ. ಒಬ್ಬ ಹುಡುಗ ಎದ್ದು ನಿಂತ. ‘ರೀ ಟೀಚರ, ನಮ್ಮ ಅಜ್ಜನ ಊರು ನರಗುಂದ. ಈ ಹೊಳಿ ನೀರಿಗೆ ಅಲ್ಲಿ ಧರಣಿ ಕುಂತಿದ್ರು.’ ಅವನಿಗೆ ಅದು ಟಿವಿಯ ಹೊಳೆಯಾಗಿತ್ತು. ಬಗ್ಗಿ ಬೊಗಸೆಯಲ್ಲಿ ನಮ್ಮ ಹಳ್ಳದ ನೀರೆತ್ತಿ ಸುಮಾರು ಹೊತ್ತು ನೋಡಿದ. ನನಗೆ ಆಗ ಗೋವಾ, ಕರ್ನಾಟಕ ಯಾವ ಪಕ್ಷದ ಮಾತೂ ಆಡಲು ಆಗಲಿಲ್ಲ.

ನಮ್ಮ ಬಣ್ಣ ಬಯಲಾದದ್ದೂ ಅಂಥ ಮಕ್ಕಳಿಂದಲೇ. ಕೊಟ್ಟಿಗೆಯ ಹಿಂದಿದ್ದ ನೀಲಿ ಕಲೆಯ ಡ್ರಮ್ಮು ನೋಡಿ ಒಬ್ಬಳು ‘ಔಷಧಿ ಹೊಡೆಯಲ್ಲ ಅಂದ್ರಲ್ಲ, ಇದೇನ್ರಿ?’ ಅಂದಳು. ಮಳೆಗಾಲದಲ್ಲಿ ಅಡಿಕೆ ಉದುರಿಸುವ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟು), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಹದ ನೋಡಲು ಕತ್ತಿಯ ಅಲಗು ಅದ್ದಬೇಕು, ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು. ಸಾವಯವ ನಿಯಮ ಇದನ್ನು ಮಿತಿಯಲ್ಲಿ ಒಪ್ಪುತ್ತದೆ. ಆದರೆ ತಾಮ್ರ ಕೊಳೆಯುವುದಿಲ್ಲ, ವರ್ಷ ವರ್ಷ ಮಣ್ಣಲ್ಲೇ ಸೇರಿಕೊಳ್ಳುತ್ತದೆ, ಜಾಸ್ತಿಯಾದರೆ ಎರೆಹುಳಕ್ಕೂ ಕುತ್ತು. ಇಷ್ಟೂ ಹೇಳಿದೆ. ‘ಮತ್ಯಾಕ ಹೊಡೀತೀರಿ?’ ಹೊಡೆಯದ ವರ್ಷ ಅರ್ಧ ಅಡಿಕೆ ಉದುರಿತ್ತು ಅಂದೆ. ಅವಳಿಗೆ ಸಮಾಧಾನವಾಗಲಿಲ್ಲ, ನನಗೂ.

ಈಗ ಡ್ರಮ್ಮನ್ನು ಮುಚ್ಚಿಡುವುದಿಲ್ಲ, ಬಾಟಲಿಗಳ ಪಕ್ಕದಲ್ಲೇ ಇಡುತ್ತೇವೆ. ಮಳೆಗೆ ಮುಂಚೆ ಅಡಿಕೆ ಗೊನೆಗೆ ಕೊಟ್ಟೆ, ಅಂದರೆ ಮಳೆ ತಾಗದಂತೆ ಹೊದಿಕೆ, ಕಟ್ಟುವುದು ನಮ್ಮ ಕಡೆಯ ಹಳೆಯ ಪದ್ಧತಿ. ಮರ ಹತ್ತುವವರ ಕೂಲಿ ಮೈಲುತುತ್ತಿನ ಖರ್ಚಿಗಿಂತ ಎಷ್ಟೋ ಪಾಲು ಹೆಚ್ಚು, ಅದಕ್ಕೇ ಹೆಚ್ಚಿನವರು ಕೈಬಿಟ್ಟದ್ದು. ಈ ಮೇ ತಿಂಗಳಲ್ಲಿ ಊರಿನಿಂದ ಮರ ಹತ್ತುವ ಕೊನೆಗೌಡನನ್ನು ಕರೆಸಿ ಐವತ್ತು ಮರಕ್ಕೆ ಕಟ್ಟಿಸಿದೆವು. ಪಕ್ಕದ ಐವತ್ತಕ್ಕೆ ಬೋರ್ಡೋ. ಉದುರಿದ ಅಡಿಕೆ ಎಣಿಸಲು ಆಗಸ್ಟಿನಲ್ಲಿ ಅದೇ ಮಕ್ಕಳು ಬರುತ್ತಾರೆ.