ಎಂಟನೇ ಕ್ಲಾಸಿನಲ್ಲೇ ಒಂದು ಸಿಇಟಿ ಫೈಲು

ಮಂಡ್ಯ ಸುತ್ತಿನ ಹೈಸ್ಕೂಲು ಮಕ್ಕಳಿಗೆ ಸಿಇಟಿ, ಅಂದರೆ ಇಂಜಿನಿಯರಿಂಗ್‌ನಂಥ ಕೋರ್ಸುಗಳ ರಾಜ್ಯದ ಪ್ರವೇಶ ಪರೀಕ್ಷೆ ಮತ್ತು ಕಾಲೇಜು ಸೀಟಿನ ತಯಾರಿಯನ್ನು ನಾನು ಶುರು ಮಾಡಿಸುವುದು ಗೈಡಿನಿಂದಲ್ಲ, ಒಂದು ಪ್ಲಾಸ್ಟಿಕ್ ಫೈಲಿನಿಂದ. ಓದಿನ ಕೊರತೆಯನ್ನು ಪಿಯುಸಿಯಲ್ಲೂ ತುಂಬಿಕೊಳ್ಳಬಹುದು. ದಾಖಲೆಯ ತಪ್ಪು ಹಾಗಲ್ಲ, ಅರ್ಜಿ ತುಂಬುವ ವಾರದಲ್ಲೇ ಎದುರಿಗೆ ಬಂದು ನಿಲ್ಲುತ್ತದೆ.

ಮೊದಲು ಹೆಸರು. ಶಾಲೆಯ ದಾಖಲಾತಿಯಲ್ಲಿ ‘ಕಾವ್ಯ ಎಂ.ಎಸ್.’, ಆಧಾರ್‌ನಲ್ಲಿ ಬರೀ ‘ಕಾವ್ಯ’, ಜಾತಿ ಪ್ರಮಾಣಪತ್ರದಲ್ಲಿ ‘ಎಂ.ಎಸ್. ಕಾವ್ಯಾ’. ಮೂರನ್ನೂ ಪಕ್ಕಪಕ್ಕ ಇಟ್ಟು ಇನಿಷಿಯಲ್, ಇಂಗ್ಲಿಷ್ ಸ್ಪೆಲ್ಲಿಂಗ್, ಹುಟ್ಟಿದ ದಿನಾಂಕವನ್ನು ಬೆರಳಿಟ್ಟು ಓದಿಸುತ್ತೇನೆ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ಹೆಸರು ತಿದ್ದಿಸುವುದು ಸಲೀಸು. ಅಂಕಪಟ್ಟಿ ಅಚ್ಚಾದ ಮೇಲೆ ಪರೀಕ್ಷಾ ಮಂಡಳಿಯ ತನಕ ಅಲೆದಾಟ.

ನಾಡಕಚೇರಿಯ ಜಾತಿ ಪ್ರಮಾಣಪತ್ರ ಮಗುವಿನ ಹೆಸರಿನಲ್ಲೇ ಇರಬೇಕು. ಅಪ್ಪನ ಪತ್ರ ಹಿಡಿದು ಬರುವವರು ಪ್ರತಿ ವರ್ಷವೂ ಇದ್ದೇ ಇರುತ್ತಾರೆ. ಪರಿಶಿಷ್ಟರಿಗೆ ನಮೂನೆ ಡಿ; ಹಿಂದುಳಿದ ವರ್ಗಗಳಲ್ಲಿ ಪ್ರವರ್ಗ 1ಕ್ಕೆ ಇ; 2ಎ, 3ಎ, 3ಬಿಯವರಿಗೆ ಎಫ್. ಎಫ್‌ನಲ್ಲಿ ಜಾತಿಯ ಜೊತೆ ಆದಾಯವೂ ಇರುವುದರಿಂದ ಅದಕ್ಕೆ 5 ವರ್ಷ ಮಾತ್ರ ಆಯಸ್ಸು. ಆರನೇ ಕ್ಲಾಸಿನಲ್ಲಿ ಸ್ಕಾಲರ್‌ಶಿಪ್‌ಗೆಂದು ಮಾಡಿಸಿದ್ದು ಸಿಇಟಿ ಹೊತ್ತಿಗೆ ಸತ್ತಿರುತ್ತದೆ. ಹತ್ತನೇ ಕ್ಲಾಸಿನಲ್ಲಿ ಹೊಸದು ಮಾಡಿಸಿ, ಅದರ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆಯನ್ನು ಫೈಲಿನ ಮುಖಪುಟದಲ್ಲೇ ಬರೆದಿಡಿ.

ಹೆಚ್ಚು ಜನ ಎಡವುವುದು ಎಂಟನೇ ಕ್ಲಾಸಿನ ಹೊಸ್ತಿಲಲ್ಲಿ. ‘ಒಳ್ಳೆ ಸ್ಕೂಲು’ ಎಂದು ಮಗುವನ್ನು ಹಳ್ಳಿಯಿಂದ ಮೈಸೂರಿಗೆ ಹಾಕುತ್ತಾರೆ, ಇಲ್ಲವೇ ಅದೇ ಶಾಲೆಯಲ್ಲಿ ಇಂಗ್ಲಿಷ್ ಮೀಡಿಯಂಗೆ ಬದಲಿಸುತ್ತಾರೆ. ಗ್ರಾಮೀಣ ಮೀಸಲು ಶೇ. 15, ಕನ್ನಡ ಮಾಧ್ಯಮ ಶೇ. 5. ಎರಡಕ್ಕೂ 1ರಿಂದ 10ರವರೆಗೆ ಹತ್ತೂ ವರ್ಷ ಬೇಕು; ಒಂದು ವರ್ಷ ತಪ್ಪಿದರೂ ಹೋಯಿತು. ಬದಲಿಸಬೇಡಿ ಎನ್ನುತ್ತಿಲ್ಲ, ಕಳೆದುಕೊಳ್ಳುವುದೇನೆಂದು ನೋಡಿ ಬದಲಿಸಿ. ಸಿಇಟಿ ನಡೆಸುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ವೆಬ್‌ಸೈಟಿನಲ್ಲಿ ಹಿಂದಿನ ವರ್ಷದ ಕಟಾಫ್ (ಕೊನೆಯ ಸೀಟು ಸಿಕ್ಕ ರ‍್ಯಾಂಕ್) ತೆರೆದು, ಮಂಡ್ಯದ ಪಿಇಎಸ್ ಕಾಲೇಜಿನ ಸಾಲಿನಲ್ಲಿ 3ಎಜಿ, 3ಎಆರ್, 3ಎಕೆ ಎಂಬ ಮೂರು ಕಾಲಂ ಹೋಲಿಸಿ. ಜಿ ಈ ಎರಡೂ ಇಲ್ಲದ ಸಾಮಾನ್ಯ ಸೀಟು, ಆರ್ ಗ್ರಾಮೀಣ, ಕೆ ಕನ್ನಡ ಮಾಧ್ಯಮ.

ಅಂಕದ ಲೆಕ್ಕ ಸಣ್ಣದು. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ಭೌತ, ರಸಾಯನ, ಗಣಿತದಿಂದ ಅರ್ಧ, ಸಿಇಟಿಯಿಂದ ಅರ್ಧ. ಪಿಯುಸಿಯಲ್ಲಿ 300ಕ್ಕೆ 270, ಸಿಇಟಿಯಲ್ಲಿ 180ಕ್ಕೆ 90 ಬಂದರೆ 90 ಮತ್ತು 50ರ ಸರಾಸರಿ, ಅಂದರೆ 70. ಬೋರ್ಡ್ ಪರೀಕ್ಷೆ ಇಲ್ಲವೆಂದು ಫಸ್ಟ್ ಪಿಯುಸಿಯನ್ನು ಹಗುರ ಮಾಡಿದವರು ಸಿಇಟಿಯಲ್ಲಿ ತೆರುತ್ತಾರೆ, ಪ್ರಶ್ನೆಗಳು ಎರಡೂ ವರ್ಷದಿಂದ ಬರುತ್ತವೆ.

ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಕೊನೆಯ 10 ನಿಮಿಷವನ್ನು ಓಎಂಆರ್ (ಗುಂಡು ತುಂಬುವ ಉತ್ತರ ಹಾಳೆ) ತಾಳೆ ನೋಡಲು ಇಟ್ಟುಕೊಳ್ಳುವುದನ್ನು ಭಾನುವಾರಗಳಂದು ಅಭ್ಯಾಸ ಮಾಡಿಸುತ್ತೇನೆ. ತಪ್ಪಿಗೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ತಪ್ಪಿಗೆ 1 ಕಳೆಯುತ್ತಾರೆ, ಆ ಚಾಳಿ ಅಲ್ಲಿಗೆ ಒಯ್ಯಬೇಡಿ.